ಊರು ಬಿಡುವ ಧೈರ್ಯ: ಅಬ್ರಾಮನ ದಾರಿಯಿಂದ ಕಲಿಯಬಹುದಾದದ್ದು

ಮಂಡ್ಯದ ಕಡೆಯ ಹಳ್ಳಿಯಿಂದ ಓದಿಗೋ ಕೆಲಸಕ್ಕೋ ದೂರ ಹೊರಡಬೇಕಾಗಿ ಬಂದು, ಮನಸ್ಸು ಮಾತ್ರ ಹೊಸ್ತಿಲು ದಾಟದವರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 12ನೆಯ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಸ್ವದೇಶ, ಬಂಧುಬಳಗ, ತಂದೆಯ ಮನೆ ಈ ಮೂರನ್ನೂ ಬಿಡುವಂತೆ ಅಬ್ರಾಮನಿಗೆ (ಮುಂದೆ ಅಬ್ರಹಾಮನೆನಿಸಿಕೊಂಡವನು) ದೇವರ ಅಪ್ಪಣೆಯಾಗುತ್ತದೆ. ಸೇರಬೇಕಾದ ನಾಡಿನ ಹೆಸರನ್ನು ಆ ಅಪ್ಪಣೆ ಹೇಳುವುದಿಲ್ಲ.

ಮೊದಲು ನಿಮ್ಮ ಅಂಜಿಕೆಯನ್ನೂ ಹೀಗೆಯೇ ಮೂರಾಗಿ ಬಿಡಿಸಿ ಬರೆದುಕೊಳ್ಳಿ. ಗದ್ದೆಯ ಚಿಂತೆಯಾದರೆ ಗುತ್ತಿಗೆಗೆ ಕೊಟ್ಟು ಪರಿಹರಿಸಬಹುದು, ನೆಂಟರ ಮಾತು ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ. ವಯಸ್ಸಾದ ಅಪ್ಪ ಅವ್ವನ ಔಷಧಿ, ಆಸ್ಪತ್ರೆಯ ಓಡಾಟ ಯಾರ ಪಾಲಿಗೆ ಎಂಬುದನ್ನು ಮಾತ್ರ ಅಣ್ಣತಮ್ಮಂದಿರು, ಅಕ್ಕತಂಗಿಯರೆಲ್ಲ ಕುಳಿತು ಹೆಸರು ಹಿಡಿದು ತೀರ್ಮಾನಿಸದೆ ಹೊರಡಬಾರದು.

ಹಿರಿಯರ ಮುಂದೆ ಮಾತೆತ್ತುವಾಗ 11ನೆಯ ಅಧ್ಯಾಯದ ಕೊನೆಯ ಭಾಗ ನೆರವಾಗುತ್ತದೆ. ಅಬ್ರಾಮ ಕೊನೆಗೆ ಸೇರಿದ ಕಾನಾನ್ ನಾಡಿಗೆಂದು ಮೊದಲು ಊರ್ ಎಂಬ ಪಟ್ಟಣ ಬಿಟ್ಟವನು ಅವನ ತಂದೆ ತೆರಹನೇ. ಮಗ, ಸೊಸೆ ಸಾರಯ, ಮೊಮ್ಮಗ ಲೋಟ ಇವರೊಡನೆ ಹೊರಟವನು ನಡುದಾರಿಯ ಖಾರಾನ್ ಎಂಬಲ್ಲಿ ನೆಲೆನಿಂತ. ಮಗ ನಡೆದದ್ದು ತಂದೆ ಅರ್ಧಕ್ಕೆ ನಿಲ್ಲಿಸಿದ ದಾರಿಯನ್ನು. ನಿಮ್ಮ ಮನೆಯಲ್ಲಿಯೂ ಅಂಥವರನ್ನು ಹುಡುಕಿ: 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕೆಲಸಕ್ಕೆಂದು ಬಂದು ಉಳಿದ ತಾತನೊಬ್ಬನಿದ್ದರೆ, ಅವನ ಹೆಸರು ಬಂದೊಡನೆ ಚರ್ಚೆಯ ಧಾಟಿ ಬದಲಾಗುತ್ತದೆ.

ಖಾರಾನ್ ಬಿಟ್ಟಾಗ ಅಬ್ರಾಮನಿಗೆ 75 ವರ್ಷ. ಎಲ್ಲವನ್ನೂ ತೊರೆದು ಬರಿಗೈಯಲ್ಲಿ ಹೋದವನೆಂದು ಅವನನ್ನು ಬಣ್ಣಿಸುವುದು ಸರಿಯಲ್ಲ; ಗಳಿಸಿದ ಸೊತ್ತನ್ನೂ ತನ್ನವರನ್ನೂ ಕರೆದುಕೊಂಡೇ ಹೊರಟ. ಆದ್ದರಿಂದ ಕೆಲವು ತಿಂಗಳ ಬಾಡಿಗೆ, ಊಟದ ಹಣ ಕೈಯಲ್ಲಿರಲಿ, ಹೋದಲ್ಲಿ ಪರಿಚಯದವರೊಬ್ಬರಿರಲಿ.

ಕಾನಾನಿನಲ್ಲಿ ಅವನಿಗೆ ಎದುರಾದದ್ದು ಬರಗಾಲ. ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಇಳಿದು ಹೋದವನು ಜೀವಭಯದಿಂದ ಹೆಂಡತಿಗೆ ತಂಗಿಯೆಂದು ಹೇಳಿಕೊಳ್ಳುವಂತೆ ತಿಳಿಸಿದನೆಂಬುದನ್ನೂ ಗ್ರಂಥ ಮುಚ್ಚಿಡುವುದಿಲ್ಲ. ಹೊರಟ ಮೇಲೂ ಭಯ ಜೊತೆಗಿರುತ್ತದೆಂದು ತಿಳಿದೇ ಹೊರಡಿ. ಕೆಲಸ ಕೈತಪ್ಪಿದರೆ ಎಷ್ಟು ಕಾಲ ಕಾಯುವುದು, ಯಾವಾಗ ಹಿಂತಿರುಗುವುದು ಎಂಬುದನ್ನು ಮನೆಯವರೊಂದಿಗೆ ಮೊದಲೇ ಗೊತ್ತು ಮಾಡಿಕೊಳ್ಳಿ.

ಕಾನಾನಿನ ಶೆಕೆಮಿನಲ್ಲಿಯೂ ಬೇತೇಲಿನ ಬಳಿಯಲ್ಲಿಯೂ ಅವನು ಯಜ್ಞವೇದಿ ಕಟ್ಟಿದ. ನೀವೂ ಹೊಸ ಊರು ಸೇರಿದ ಮೊದಲ ವಾರವೇ ದೇವಸ್ಥಾನವೋ ಚರ್ಚೋ, ಮನೆಗೆ ಫೋನು ಮಾಡುವ ಹೊತ್ತೋ, ಯಾವುದಾದರೊಂದನ್ನು ನಿಗದಿ ಮಾಡಿಕೊಳ್ಳಿ. ಬೆಂಗಳೂರಿನಿಂದ ಮಂಡ್ಯ ಸುಮಾರು 100 ಕಿಲೋಮೀಟರ್ ಮಾತ್ರ, ಪ್ರತಿ ಭಾನುವಾರ ರೈಲು ಹತ್ತುವುದು ಕಷ್ಟವಲ್ಲ. ಆದರೂ ಮೊದಲ ತಿಂಗಳು ಹಾಗೆ ಬರದಿರುವುದೇ ಮೇಲು.