ತಟ್ಟೆ ಹಾಕುವ ಮುಂಚೆ ಅಂದಿನ ಕೆಲಸ ನೋಡಿ

ಹೋದ ಭಾನುವಾರ ನನ್ನ ಮಗ ಆರು ಗಂಟೆಗೇ ಎದ್ದು, ಹೊಸ ಬೂಟು ಕಟ್ಟಿಕೊಂಡು ಕುಂದುವಾಡ ಕೆರೆಯ ಕಡೆ ನಡೆಯಲು ಹೋದ. ಒಂಬತ್ತೂವರೆಗೆ ಮನೆಗೆ ಬಂದಾಗ ಅಂಗಿಯ ಎದೆಯ ಮೇಲೆ ರೂಪಾಯಿಯಗಲ ಬೆಣ್ಣೆಯ ಕಲೆ. "ಐದು ಕಿಲೋಮೀಟರ್ ನಡೆದೆ ಅವ್ವಾ, ಅದಕ್ಕೇ ಎರಡು ಬೆಣ್ಣೆ ದೋಸೆ ತಿಂದು ಬಂದೆ" ಎಂದ. ಸೋಫಾದ ಮೇಲೆ ಕುಳಿತವನು ಊಟಕ್ಕೆ ಕರೆಯುವವರೆಗೆ ಏಳಲಿಲ್ಲ. ಊಟಕ್ಕೆ ಎಂದಿನಂತೆ ತಟ್ಟೆ ತುಂಬ ಅನ್ನ. ಅವನಿಗೆ ಈಗ 45 ವರ್ಷ. ಎದುರಿಗೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ. ಅವನಂಥವರು ಬೀದಿಗೆ ಹತ್ತು ಜನ ಇದ್ದಾರೆ, ಅವರೂ ಓದಲಿ.

ಬೆಣ್ಣೆ ದೋಸೆಯ ಮೇಲೆ ನನಗೆ ಸಿಟ್ಟಿಲ್ಲ. ದಾವಣಗೆರೆಯ ಸೊಸೆ ನಾನು, ತಿಂದೇ ಬಾಳಿದ್ದೇನೆ. ಸಿಟ್ಟು ಲೆಕ್ಕ ತಪ್ಪಿದ್ದಕ್ಕೆ. 10 ಗ್ರಾಂ ಬೆಣ್ಣೆಯಲ್ಲಿ 70ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತದೆ, ದೋಸೆಗೆ ಬೀಳುವುದು ಅದರ ಎರಡು ಮೂರು ಪಾಲು. ಐದು ಕಿಲೋಮೀಟರ್ ನಡೆದು ಕರಗಿಸಿದ್ದು ಎರಡು ದೋಸೆಯ ಬೆಣ್ಣೆಗೇ ಸರಿಹೋಯಿತು. ಹಿಟ್ಟು, ಆಲೂಗಡ್ಡೆ ಪಲ್ಯ, ಮೇಲಿನ ಕಾಫಿ ಯಾವ ಖಾತೆಗೆ? ನಡೆದು ಬಂದವರು ಊಟದ ಮುಂದೆ ಕೂಲಿ ಕೇಳುವವರಂತೆ ಕೂರುತ್ತಾರೆ. ಕೆಲಸಕ್ಕೂ ಊಟಕ್ಕೂ ಇರುವ ಸಂಬಂಧ ಹಾಗಲ್ಲ. ಆ ದಿನ ಮೈ ಎಷ್ಟು ದುಡಿಯಿತು, ಇನ್ನೆಷ್ಟು ದುಡಿಯಲಿದೆ ಎಂದು ನೋಡಿ ಒಲೆ ಹಚ್ಚಬೇಕು.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಮಾವನವರನ್ನು ನೋಡಿ. ನಾನು ಈ ಮನೆಗೆ ಬಂದಾಗ ಅವರು ಹತ್ತಿ ಗಿರಣಿಯಲ್ಲಿ ನೂಲಿನ ವಿಭಾಗದಲ್ಲಿದ್ದರು. ಆಗ ದಾವಣಗೆರೆ ಎಂದರೆ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎಂದೇ ಕರೆಯುತ್ತಿದ್ದರು. ಗಿರಣಿಯ ಕೂಗಿಗೆ ನಾವು ಒಲೆ ಹಚ್ಚುತ್ತಿದ್ದೆವು. ಎಂಟು ತಾಸು ನಿಂತೇ ಕೆಲಸ, ಹೋಗಿ ಬರುವುದು ನಡೆದೇ. ಅತ್ತೆ ಬುತ್ತಿಗೆ ಐದು ಜೋಳದ ರೊಟ್ಟಿ ಕಟ್ಟುತ್ತಿದ್ದರು. ಮಡಕೆಕಾಳಿನ ಪಲ್ಯ, ಗುರೆಳ್ಳು ಪುಡಿ, ಒಂದು ಈರುಳ್ಳಿ. ರಾತ್ರಿ ಮತ್ತೆ ಮೂರು ರೊಟ್ಟಿ, ಅನ್ನ, ಸಾರು. ಆ ಮನುಷ್ಯನ ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿತ್ತು.

ಆಮೇಲೆ ಒಂದೊಂದೇ ಗಿರಣಿ ಬಾಗಿಲು ಹಾಕಿತು. ಮಾವನವರೂ ಮನೆಗೆ ಬಂದು ಕುಳಿತರು. ಬೆಳಿಗ್ಗೆ ಜಗಲಿ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಜಗಲಿ. ಆದರೆ ಐದು ರೊಟ್ಟಿ ಐದೇ ಉಳಿಯಿತು. ಒಮ್ಮೆ ನಾಲ್ಕು ಹಾಕಿದ್ದಕ್ಕೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಕೆಲಸ ಹೋದವರಿಗೆ ತಟ್ಟೆಯಲ್ಲೂ ಕಡಿಮೆ ಮಾಡುತ್ತೀಯಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮರುಮಾತಾಡದೆ ಐದನೆಯದನ್ನು ತಂದು ಹಾಕಿದೆ. ನಾಲ್ಕೈದು ವರ್ಷದಲ್ಲಿ ಮಾವನವರಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಮಾಯಲಿಲ್ಲ. ಎಲ್ಲವೂ ಆ ಐದನೆಯ ರೊಟ್ಟಿಯಿಂದ ಬಂತೆನ್ನುವುದಿಲ್ಲ. ಆದರೆ ಇಂದಿಗೂ ಆ ತಟ್ಟೆ ನನ್ನ ಕಣ್ಣ ಮುಂದೆ ಇದೆ.

ಲೆಕ್ಕ ಬೇಕೆನ್ನುವ ಓದಿದ ಮಕ್ಕಳಿಗೆ ಲೆಕ್ಕವನ್ನೇ ಕೊಡುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಹೇಳಿರುವ ಪ್ರಕಾರ 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ದುಡಿಮೆಗೆ 2710, ಮೈಮುರಿದು ದುಡಿಯುವವನಿಗೆ 3470. 55 ಕಿಲೋ ತೂಕದ ಹೆಂಗಸಿಗೆ ಇದೇ ಕ್ರಮದಲ್ಲಿ 1660, 2130, 2720. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ ಸುಮಾರು 170 ಕ್ಯಾಲೊರಿ. ಹಾಗಾದರೆ ಕುಳಿತವನಿಗೂ ದುಡಿದವನಿಗೂ ನಡುವಿನ ಅಂತರ ಎಂಟು ರೊಟ್ಟಿ! ಅಪ್ಪ ತಿನ್ನುತ್ತಿದ್ದಷ್ಟನ್ನೇ ಮಗ ಕಂಪ್ಯೂಟರಿನ ಮುಂದೆ ಕುಳಿತು ತಿಂದರೆ ಅದು ಎಲ್ಲಿಗೆ ಹೋಗಬೇಕು? ಜಗಳೂರಿನ ಕಡೆ ಹೊಲ ಮಾಡುವ ನನ್ನ ತಮ್ಮನಿಗೂ ಈ ಮಾತು ಹೇಳಿದ್ದೇನೆ. ಟ್ರ್ಯಾಕ್ಟರ್ ಬಂದ ಮೇಲೆ ಅವನ ದುಡಿಮೆಯೂ ಮೊದಲಿನಷ್ಟಿಲ್ಲ.

ಇಲ್ಲಿಯೇ ಇನ್ನೊಂದು ತಪ್ಪು ಮಾಡುತ್ತಾರೆ. ಕಡಿಮೆ ಮಾಡಿ ಎಂದರೆ ಎಲ್ಲವನ್ನೂ ಕಡಿಮೆ ಮಾಡುತ್ತಾರೆ. ಅದೇ ಸಂಸ್ಥೆಯವರು ಆ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ, ಕುಳಿತರೂ ಅಷ್ಟೇ, ದುಡಿದರೂ ಅಷ್ಟೇ. ಆದ್ದರಿಂದ ಅನ್ನ, ರೊಟ್ಟಿ, ಎಣ್ಣೆಗೆ ಕೈ ಹಿಡಿಯಿರಿ. ಕಾಳು, ಬೇಳೆ, ಮೊಸರು, ಸೊಪ್ಪಿಗೆ ಹಿಡಿಯಬೇಡಿ. ಅದರಲ್ಲೂ ಅನ್ನವೇ ಮೊದಲು ಇಳಿಯಲಿ. ಭದ್ರಾ ನಾಲೆಯ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಹೆಚ್ಚಾಯಿತು, ರೊಟ್ಟಿ ಬಡಿಯುವ ಸದ್ದು ಕಡಿಮೆಯಾಯಿತು. ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದರೆ ಮುಗಿಯಿತು, ಯಾರ ಮೈಯೂ ಅಲುಗುವುದಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅನ್ನ ನುಂಗುತ್ತೇವೆ, ರೊಟ್ಟಿ ಅಗಿಯುತ್ತೇವೆ.

ಹಾಗೆಂದು ಉಪವಾಸ ಬೀಳುವವರನ್ನೂ ನಾನು ಮೆಚ್ಚುವುದಿಲ್ಲ. ಬೆಂಗಳೂರಿನ ಮೊಮ್ಮಗಳು ಬಂದಾಗ ನೋಡಿದೆ. ಬೆಳಿಗ್ಗೆ ಬರೀ ಕಾಫಿ, ಜಿಮ್ಮಿನಲ್ಲಿ ಒಂದು ಗಂಟೆ, ಬಂದವಳೇ ತಲೆ ಸುತ್ತುತ್ತದೆ ಎಂದು ಮಲಗಿದಳು. ಸಂಜೆ ಹಸಿವು ತಡೆಯಲಾರದೆ ಮಂಡಕ್ಕಿಯ ಜೊತೆ ಆರು ಮೆಣಸಿನಕಾಯಿ ಬಜ್ಜಿ ತಿಂದಳು. ಹೀಗೆ ಉಪವಾಸ ಬಿದ್ದವರು ಉಳಿದ ಹೊತ್ತೆಲ್ಲ ಮೈ ಬಗ್ಗಿಸುವುದಿಲ್ಲ, ನೀರಿನ ಲೋಟವನ್ನೂ ಇನ್ನೊಬ್ಬರು ತಂದುಕೊಡಬೇಕು. ಹಸಿದ ಮೈ ಕೆಲಸವನ್ನು ಕದಿಯುತ್ತದೆ. ಬೆಳಿಗ್ಗೆ ಒಂದು ರೊಟ್ಟಿ, ಒಂದು ಬಟ್ಟಲು ಹೆಸರುಕಾಳು ತಿಂದು ಹೋಗು ತಾಯಿ, ಬಂದ ಮೇಲೂ ಓಡಾಡಿಕೊಂಡಿರು ಎಂದು ಹೇಳಿ ಕಳಿಸಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯವರು ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಶ್ರಮ. ಜೊತೆಗೆ, ಕೂರುವುದನ್ನೂ ಕಡಿಮೆ ಮಾಡಿ ಎನ್ನುತ್ತಾರೆ. ಆ ಕೊನೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಈಗ ನಾನು ಆಣೆ ಇಟ್ಟು ಹೇಳುವ ಉಪಾಯ. ರಾತ್ರಿಯ ರೊಟ್ಟಿಯನ್ನು ಉಣ್ಣುವವರೇ ಬಡಿಯಬೇಕು, ಒಲೆಯಿಂದ ಇಳಿದಂತೆ ಒಂದೊಂದೇ ಉಣ್ಣಬೇಕು. ಗಂಡಸರೂ ಅಷ್ಟೇ. ಅಂಗಡಿಯ ಕಟಕ್ ರೊಟ್ಟಿಯ ಕಟ್ಟನ್ನು ಬಿಚ್ಚಿ ಮುಂದಿಟ್ಟುಕೊಂಡರೆ ಎಷ್ಟು ತಿಂದಿರಿ ಎಂಬುದೇ ತಿಳಿಯುವುದಿಲ್ಲ.

ಹಿಟ್ಟು ಹೊಸದಾಗಿರಲಿ. ಎರಡು ವಾರಕ್ಕೆ ಆಗುವಷ್ಟು ಮಾತ್ರ ಬೀಸಿಸಿ, ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ. ಬೀಸಿಸಿ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಬೇಡಿ, ಹರವಿ ಆರಿಸಿ. ಪರಾತದಲ್ಲಿ ಹಿಟ್ಟಿನ ನಡುವೆ ಗುಂಡಿ ಮಾಡಿ, ಕುದಿಯುವ ಎಸರು ಹಾಕಿ. ಕುದಿಯುವುದು ಎಂದರೆ ಗುಳ್ಳೆ ಏಳುತ್ತಿರಬೇಕು, ಗೀಸರಿನ ಬಿಸಿನೀರಲ್ಲ. ಜೋಳಕ್ಕೆ ಗೋಧಿಯಂತೆ ಅಂಟಿಲ್ಲ, ಎಸರು ಬಿದ್ದು ಹಿಟ್ಟು ಬೆಂದರೇ ಅದಕ್ಕೆ ಜಿಗಿ ಬರುವುದು. ಸೌಟಿನ ಹಿಡಿಯಿಂದ ಕಲಸಿ, ಸುತ್ತಲಿನ ಒಣಹಿಟ್ಟನ್ನು ಮೇಲೆ ಮುಚ್ಚಿ, ಕೈ ತಾಳುವವರೆಗೆ ಬಿಡಿ.

ಒಟ್ಟಿಗೆ ನಾದಿಡಬೇಡಿ. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದು, ತಣ್ಣೀರು ಚಿಮುಕಿಸಿ, ಅಂಗೈಯ ಬುಡದಿಂದ ಮುಂದಕ್ಕೆ ಉಜ್ಜಿ ಉಜ್ಜಿ ನಾದಿ. ಭುಜದಿಂದ ಬಲ ಬರಬೇಕು, ಬೆರಳಿನಿಂದಲ್ಲ. ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಅಂಚು ಬಿರಿದರೆ ಇನ್ನೂ ನಾದುವುದಿದೆ. ನನ್ನ ಮಗ ಇಲ್ಲಿಗೇ ಬೆವರುತ್ತಾನೆ, ಬೆವರಲಿ. ಆಮೇಲೆ ಕೆಳಗೆ ಒಣಹಿಟ್ಟು ಉದುರಿಸಿ ಬಡಿಯಿರಿ. ಎಡಗೈ ಅಂಚನ್ನು ಕಾಯಬೇಕು, ಬಲಗೈ ಬಡಿಯಬೇಕು. ಪೆಟ್ಟು ಸರಿಯಾಗಿ ಬಿದ್ದರೆ ರೊಟ್ಟಿ ತಾನೇ ತಿರುಗುತ್ತದೆ, ನೀವು ತಿರುಗಿಸಬೇಕಾಗಿಲ್ಲ. ಹಿಟ್ಟು ಹತ್ತಿದ ಕಡೆ ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಒಂದೇ ಸಲಕ್ಕೆ ನೀರು ಸವರಿ. ನೀರು ಪೂರ್ತಿ ಆರುವ ಮುಂಚೆ ಮಗುಚಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಎರಡನೆಯ ಕಡೆ ನಿಧಾನವಾಗಿ ಬೇಯಲಿ. ಕೊನೆಗೆ ಬೆಂಕಿಗೆ ಹಿಡಿದರೆ ಹೊಟ್ಟೆ ಉಬ್ಬಿಸಿಕೊಂಡು ಏಳುತ್ತದೆ.

ಆ ಒದ್ದೆ ಬಟ್ಟೆಯನ್ನು ಮಷಿನ್ನಿಗೆ ಹಾಕಬೇಡಿ, ಸೋಪಿನ ಪುಡಿಯ ವಾಸನೆ ರೊಟ್ಟಿಗೆ ಹತ್ತುತ್ತದೆ. ಬಿಸಿನೀರಿನಲ್ಲಿ ಹಿಂಡಿ ಬಿಸಿಲಿಗೆ ಹಾಕಿ. ಮಷಿನ್ನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಅದರಿಂದ ತೆಗೆದ ಬಟ್ಟೆಯನ್ನು ಮುದ್ದೆ ಮುದ್ದೆಯಾಗಿ ತಂತಿಯ ಮೇಲೆ ಎಸೆಯುತ್ತೀರಲ್ಲ, ಅದೇನು ಪದ್ಧತಿ? ಒಂದೊಂದನ್ನೂ ಎರಡು ಸಲ ಜೋರಾಗಿ ಝಾಡಿಸಿ ಹಾಕಿದರೆ ಅರ್ಧ ಇಸ್ತ್ರಿ ಅಲ್ಲೇ ಆಗುತ್ತದೆ, ತೋಳಿಗೂ ಕೆಲಸ.

ರೊಟ್ಟಿಗೆ ಬರುತ್ತೇನೆ. ಮಂಡಿ ಚೆನ್ನಾಗಿರುವವರು ನೆಲಕ್ಕೆ ಕುಳಿತೇ ಬಡಿಯಿರಿ, ಎದ್ದು ಕೂರುವುದೂ ಲೆಕ್ಕಕ್ಕೆ ಬರುತ್ತದೆ. ಮಂಡಿ ನೋವಿದ್ದವರು ಕಟ್ಟೆಯ ಮುಂದೆ ನಿಲ್ಲಿ. ಮೊದಲ ರೊಟ್ಟಿಯನ್ನು ಪಲ್ಯದ ಜೊತೆ ಉಂಡು, ಎದ್ದು ಎರಡನೆಯದನ್ನು ಬಡಿಯುವ ಹೊತ್ತಿಗೆ ಹೊಟ್ಟೆ ತುಂಬಿದ ಸುದ್ದಿ ತಲೆಗೆ ಮುಟ್ಟಿರುತ್ತದೆ. ಮೂರನೆಯದಕ್ಕೆ ನಿಜವಾಗಿ ಹಸಿದವನು ಮಾತ್ರ ಏಳುತ್ತಾನೆ. ಮೊಬೈಲ್ ನೋಡುತ್ತ ಕುಳಿತವನಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ, ಹಿಟ್ಟಿನ ಕೈಯಲ್ಲಿ ಮೊಬೈಲ್ ಹಿಡಿಯಲು ಬರುವುದಿಲ್ಲ ಎನ್ನುವುದು ಇನ್ನೊಂದು ಲಾಭ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಬೀದಿಯ ಕೊನೆಯವರೆಗೆ ನಿಧಾನವಾಗಿ ಹೋಗಿ ಬನ್ನಿ. ಉಂಡದ್ದರ ಸಕ್ಕರೆ ರಕ್ತಕ್ಕೆ ಇಳಿಯುವಾಗ ಕಾಲಿನ ಸ್ನಾಯುಗಳು ಅದನ್ನು ಎಳೆದುಕೊಳ್ಳುತ್ತವೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಅಳತೆಯನ್ನು ವೈದ್ಯರನ್ನು ಕೇಳಿಯೇ ಬದಲಿಸಿ, ನನ್ನ ಮಾತು ಕೇಳಿ ಒಮ್ಮೆಲೇ ಇಳಿಸಬೇಡಿ.

ಕಲಸಿದ ಹಿಟ್ಟು ಉಳಿದರೆ ಎಸೆಯಬೇಡಿ, ತೆಳ್ಳಗೆ ಬಡಿದು ಸುಟ್ಟಿಡಿ. ಬೆಳಿಗ್ಗೆ ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ಹಸಿ ಈರುಳ್ಳಿ, ಚಿಟಿಕೆ ಉಪ್ಪು, ಒಂದು ಚಮಚ ಶೇಂಗಾ ಚಟ್ನಿಪುಡಿ ಹಾಕಿಕೊಳ್ಳಿ. ಬರುವ ಭಾನುವಾರ ಕೆರೆಯಿಂದ ಬರುವ ಮಗನಿಗಾಗಿ ನಾನು ಅದನ್ನೇ ಮುಚ್ಚಿಟ್ಟಿರುತ್ತೇನೆ.