ಎಸೆದ ಪೆಲೆಟ್‌ನಲ್ಲಿತ್ತು ನನ್ನ ಹಿಸ್ಟೋನ್

ಮೊದಲ ಮೂರು ಬ್ಲಾಟ್ ಖಾಲಿ ಬಂದಾಗ ನಾನು ಬೈದದ್ದು ಆಂಟಿಬಾಡಿಯನ್ನೇ. ಬ್ಲಾಟ್ ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ ಬೇರ್ಪಡಿಸಿ, ಮೆಂಬ್ರೇನ್ ಎಂಬ ತೆಳು ಹಾಳೆಗೆ ದಾಟಿಸಿ, ಬೇಕಾದ್ದನ್ನು ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆ. ಹಿಸ್ಟೋನ್ ಎಚ್3 ಎಂಬ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಅದು, ಮೊಲದಿಂದ ತಯಾರಿಸಿದ್ದು. ಜೀವಕೋಶದಲ್ಲಿ ಹಿಸ್ಟೋನ್‌ಗೆ ಬರವೇನೂ ಇಲ್ಲ. ಸುಮಾರು 147 ಬೇಸ್ ಜೋಡಿಯಷ್ಟು ಡಿಎನ್ಎ ಎಂಟು ಹಿಸ್ಟೋನ್‌ಗಳ ಉಂಡೆಗೆ ಸುತ್ತಿಕೊಂಡಿರುತ್ತದೆ. ಆ ಎಂಟರಲ್ಲಿ ಎರಡು ಎಚ್3. ಇಂಥ ಉಂಡೆಗಳು ಮನುಷ್ಯನ ಒಂದೊಂದು ಕೋಶದಲ್ಲೂ ಕೋಟಿಗಟ್ಟಲೆ. ಇಷ್ಟೊಂದು ಇರುವ ಪ್ರೋಟೀನ್ ಕಾಣುತ್ತಿಲ್ಲ ಅಂದರೆ ಆಂಟಿಬಾಡಿಯೇ ಕೆಟ್ಟಿರಬೇಕು, ಅಲ್ವಾ?

ಹೊಸ ಟ್ಯೂಬ್ ತರಿಸೋಣ ಅಂತ ಹೊರಟಿದ್ದೆ. ಸೀನಿಯರ್ ಒಬ್ಬರು ತಡೆದು ಕೇಳಿದರು: “ಪೆಲೆಟ್ ಏನ್ಮಾಡ್ತೀಯ?”

“ಎಸೀತೀನಿ ಮೇಡಂ.”

“ಹಿಸ್ಟೋನೂ ಅದರ ಜೊತೆಗೇ ಹೋಯ್ತು ಬಿಡು.”

ಹಿಸ್ಟೋನ್‌ನಲ್ಲಿ ಲೈಸಿನ್, ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು ಜಾಸ್ತಿ. ಹಾಗಾಗಿ ಅದಕ್ಕೆ ಧನ ಆವೇಶ. ಡಿಎನ್ಎಗೆ ಋಣ ಆವೇಶ. ಎರಡೂ ಗಟ್ಟಿಯಾಗಿ ತಬ್ಬಿಕೊಂಡಿರುತ್ತವೆ. ಕೋಶ ಒಡೆಯುವ ಮಾಮೂಲಿ ಲೈಸಿಸ್ ಬಫರ್ ಹಾಕಿ ಸೆಂಟ್ರಿಫ್ಯೂಜ್ ತಿರುಗಿಸಿದರೆ ಕ್ರೊಮ್ಯಾಟಿನ್, ಅಂದರೆ ಈ ಡಿಎನ್ಎ-ಹಿಸ್ಟೋನ್ ಜೋಡಿ, ತಳಕ್ಕೆ ಹೋಗಿ ಕೂರುತ್ತದೆ. ಆ ತಳದ ಗಷ್ಟೇ ಪೆಲೆಟ್. ಮೇಲಿನ ತಿಳಿಯನ್ನಷ್ಟೇ ಜೆಲ್‌ಗೆ ಹಾಕಿ ನಾನು ಆಂಟಿಬಾಡಿಗೆ ಶಾಪ ಹಾಕುತ್ತಿದ್ದೆ.

ಆಮೇಲೆ ಆಸಿಡ್ ಎಕ್ಸ್‌ಟ್ರಾಕ್ಷನ್ ಕಲಿತೆ. ಮೊದಲು ನ್ಯೂಕ್ಲಿಯಸ್‌ಗಳನ್ನು ಬೇರೆ ಮಾಡಿಕೊಂಡು 0.4 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ತಣ್ಣಗೆ ತಿರುಗಲು ಬಿಡುತ್ತೇನೆ. ಡಿಎನ್ಎ ಮತ್ತು ಬೇರೆ ಬಹುಪಾಲು ಪ್ರೋಟೀನ್‌ಗಳು ಗಡ್ಡೆಕಟ್ಟುತ್ತವೆ, ಹಿಸ್ಟೋನ್ ಮಾತ್ರ ಕರಗಿ ಮೇಲೆ ಉಳಿಯುತ್ತದೆ. ಅಂದರೆ ಈ ಸಲ ಪೆಲೆಟ್ ಎಸೆಯಬಹುದು! ಆ ತಿಳಿಗೆ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಹಾಕಿ ಹಿಸ್ಟೋನ್ ಇಳಿಸಿ, ತಣ್ಣನೆಯ ಅಸಿಟೋನ್‌ನಲ್ಲಿ ಎರಡು ಸಲ ತೊಳೆದು, ಒಣಗಿಸಿ, ನೀರಿನಲ್ಲಿ ಕರಗಿಸುತ್ತೇನೆ. ತೊಳೆಯುವಾಗ ಅವಸರ ಮಾಡಿದರೆ ಆಸಿಡ್ ಉಳಿದುಬಿಡುತ್ತದೆ. ಜೆಲ್‌ಗೆ ಹಾಕುವ ಮೊದಲು ಬೆರೆಸುವ ನೀಲಿ ಲೋಡಿಂಗ್ ಬಫರ್ ಸೇರಿಸಿದ ಕೂಡಲೇ ನೀಲಿ ಹೋಗಿ ಹಳದಿಯಾದರೆ ಅದೇ ಗುರುತು. ಒಂಚೂರು ಟ್ರಿಸ್ ಬೇಸ್ ಹಾಕಿದರೆ ನೀಲಿ ವಾಪಸ್ ಬರುತ್ತದೆ.

ಎಚ್3 ತೂಕ ಸುಮಾರು 15 ಕಿಲೋಡಾಲ್ಟನ್, ಜೆಲ್‌ನಲ್ಲಿ ಓಡುವುದು 17ರ ಹತ್ತಿರ. 15 ಪರ್ಸೆಂಟ್ ಜೆಲ್ ಬೇಕು. ಮೆಂಬ್ರೇನ್ 0.45 ಮೈಕ್ರಾನ್‌ನದ್ದಾದರೆ ಇಷ್ಟು ಸಣ್ಣ ಪ್ರೋಟೀನ್ ಅದನ್ನು ದಾಟಿ ಆಚೆಗೇ ಹೋಗಬಹುದು, 0.2ರದ್ದು ವಾಸಿ. ಟ್ರಾನ್ಸ್‌ಫರ್ ಆದ ಮೇಲೆ ಪಾನ್ಸೋ ಬಣ್ಣ ಹಾಕಿ ನೋಡಿ. ತಳದಲ್ಲಿ ಹಿಸ್ಟೋನ್‌ಗಳ ಗುಲಾಬಿ ಗೆರೆಗಳು ಕಾಣದಿದ್ದರೆ ಆಂಟಿಬಾಡಿ ಸುಮ್ನೆ ದಂಡ.

ಅಂತೂ ಬ್ಯಾಂಡ್, ಅಂದರೆ ಎಚ್3ಯ ಗೆರೆ, ಬಂತು. ನಿಜವಾದ ತಲೆನೋವು ಶುರುವಾದದ್ದು ಹಿಸ್ಟೋನ್‌ಗೆ ಅಂಟಿದ ರಾಸಾಯನಿಕ ಗುರುತುಗಳನ್ನು, ಅಂದರೆ ಮಾರ್ಪಾಡುಗಳನ್ನು, ಗುರುತಿಸುವ ಆಂಟಿಬಾಡಿಗಳಿಗೆ ಕೈ ಹಾಕಿದಾಗ. ನನಗೆ ಬೇಕಿದ್ದದ್ದು ಎಚ್3ಯ 9ನೇ ಸ್ಥಾನದ ಲೈಸಿನ್‌ಗೆ ಮೂರು ಮೀಥೈಲ್ ಅಂಟಿದ್ದು. ಒಂದೇ ಬ್ಯಾಂಡ್, ಕಣ್ಣಿಗೆ ಹಬ್ಬ. ಆದರೆ 27ನೇ ಸ್ಥಾನದ ಲೈಸಿನ್ ಇರುವುದೂ ಅದೇ ಪ್ರೋಟೀನ್‌ನಲ್ಲಿ. ಆಂಟಿಬಾಡಿ ತಪ್ಪಿ 27ನ್ನು ಹಿಡಿದರೂ ಬ್ಯಾಂಡ್ ಅದೇ ಜಾಗದಲ್ಲೇ ಬರುತ್ತದೆ. ಅದೂ ಅಲ್ಲದೆ ಎರಡೂ ಕಡೆ ಅಲನಿನ್, ಆರ್ಜಿನಿನ್, ಲೈಸಿನ್, ಸೆರಿನ್ ಅದೇ ಸಾಲಿನಲ್ಲಿವೆ. ಆಂಟಿಬಾಡಿ ಮೋಸ ಹೋಗುವುದಕ್ಕೆ ಇಷ್ಟು ಸಾಕು. ಒಂಟಿ ಬ್ಯಾಂಡ್ ತೋರಿಸಿ ‘ಶುದ್ಧ ಆಂಟಿಬಾಡಿ’ ಅನ್ನುವ ಮಾತನ್ನು ಹಿಸ್ಟೋನ್ ವಿಷಯದಲ್ಲಿ ನಾನು ನಂಬುವುದಿಲ್ಲ.

ಹಾಗಾಗಿ ಮಾರ್ಪಾಡಿರುವ, ಇಲ್ಲದ ಪೆಪ್ಟೈಡ್‌ಗಳನ್ನು (ಪ್ರೋಟೀನ್‌ನ ಚಿಕ್ಕ ತುಂಡುಗಳನ್ನು) ಮೆಂಬ್ರೇನ್ ಮೇಲೆ ಹನಿ ಹನಿಯಾಗಿ ಇಟ್ಟು ನೋಡಿದೆ. ಒಂದು ಆಂಟಿಬಾಡಿ 27ರ ಹನಿಯನ್ನೂ ಜೋರಾಗಿಯೇ ಬೆಳಗಿಸಿತು. ಈ ಸಲ ಬೈಗುಳಕ್ಕೆ ಅದು ಅರ್ಹವೇ. ಬೇರೆ ಆಂಟಿಬಾಡಿ ತರಿಸಿ ಅದನ್ನೂ ಹೀಗೇ ನೋಡಿದೆ. 9 ಬಿಟ್ಟು ಬೇರೆ ಹನಿ ಮುಟ್ಟಲಿಲ್ಲ. ಜೊತೆಗೆ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಎಚ್3ಯನ್ನು ಒಂದು ಲೇನ್‌ಗೆ ಹಾಕುತ್ತೇನೆ. ಅದರಲ್ಲಿ ಈ ಗುರುತುಗಳು ಇರುವುದಿಲ್ಲ, ಆ ಲೇನ್ ಖಾಲಿಯೇ ಬರಬೇಕು. ಅಸಿಟೈಲ್ ಗುರುತು ಹಿಡಿಯುವ ಆಂಟಿಬಾಡಿಯಾದರೆ, ಆ ಗುರುತು ಅಳಿಸುವ ಕಿಣ್ವಗಳನ್ನು ತಡೆಯುವ ಸೋಡಿಯಂ ಬ್ಯುಟಿರೇಟ್ ಕೊಟ್ಟ ಕೋಶಗಳು ಒಳ್ಳೆ ಪರೀಕ್ಷೆ, ಸಿಗ್ನಲ್ ಏರಲೇಬೇಕು. ಅದೇ ಆಂಟಿಬಾಡಿಯ ಹೊಸ ಲಾಟ್ (ಹೊಸದಾಗಿ ತಯಾರಾದ ಕಂತು) ಬಂದಾಗಲೂ ಇದೆಲ್ಲ ಮತ್ತೆ ಮೊದಲಿಂದ. ಬೇಜಾರಿನ ಕೆಲಸ, ನಿಜ.

ಇಷ್ಟಾದರೂ ಇನ್ನೊಮ್ಮೆ ಎಡವಿದೆ. ನೊಕೊಡಜೋಲ್ ಕೊಟ್ಟು ವಿಭಜನೆಯ ಹಂತದಲ್ಲಿ ನಿಲ್ಲಿಸಿದ ಕೋಶಗಳಲ್ಲಿ 9ನೇ ಲೈಸಿನ್‌ನ ಸಿಗ್ನಲ್ ಧುಡುಂ ಅಂತ ಇಳಿದಿತ್ತು. ಮೀಥೈಲ್ ಹೋಗಿಬಿಟ್ಟಿದೆ, ದೊಡ್ಡ ಸುದ್ದಿ ಅಂದುಕೊಂಡೆ. ಆದರೆ ವಿಭಜನೆಯ ಹೊತ್ತಿಗೆ ಪಕ್ಕದ 10ನೇ ಸ್ಥಾನದ ಸೆರಿನ್‌ಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಅದು ಅಡ್ಡ ನಿಂತರೆ ಆಂಟಿಬಾಡಿ ಕೂರುವುದಕ್ಕೆ ಜಾಗ ಇರುವುದಿಲ್ಲ. ಇನ್ನೊಂದು ಮೆಂಬ್ರೇನ್‌ಗೆ ಮೊದಲು ಫಾಸ್ಫೇಟ್ ಕಿತ್ತುಹಾಕುವ ಕಿಣ್ವವಾದ ಫಾಸ್ಫಟೇಸ್ ಹಾಕಿ, ಆಮೇಲೆ ಅದೇ ಆಂಟಿಬಾಡಿ ಹಾಕಿದೆ. ಬ್ಯಾಂಡ್ ವಾಪಸ್ ಬಂತು. ಲ್ಯಾಬ್ ಮೀಟಿಂಗ್‌ಗೆ ಅಂತ ಮಾಡಿಟ್ಟಿದ್ದ ಸ್ಲೈಡನ್ನು ಆ ಸಂಜೆಯೇ ಅಳಿಸಿದೆ.