ಬೆಂಕಿ ಉಗುಳದ ಡ್ರ್ಯಾಗನ್: ನಾನು ಮಕ್ಕಳ ಕಾದಂಬರಿ ಬರೆದ ಬಗೆ

ಮೊದಲ ಕರಡಿನಲ್ಲಿ ನನ್ನ ಡ್ರ್ಯಾಗನ್‌ಗೆ ಬಾವಲಿಯಂಥ ರೆಕ್ಕೆಗಳಿದ್ದವು, ಬಾಯಿಂದ ಬೆಂಕಿ ಬರುತ್ತಿತ್ತು. ಕಥೆ ನಡೆಯುವುದು ಎರಡು ಸಾವಿರ ವರ್ಷದ ಹಿಂದಿನ ಚೀನಾದಲ್ಲಿ. ಅರವತ್ತು ಪುಟ ಆಗಿತ್ತು. ಊಟದ ಬಿಡುವಿನಲ್ಲಿ ನಮ್ಮ ಶಾಲೆಯ ಐದನೇ ತರಗತಿ ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಒಂದು ದಿನ ಕಿಟಕಿ ಪಕ್ಕ ಕೂತಿದ್ದ ಹುಡುಗಿ ಕೇಳಿದಳು: "ಟೀಚರ್, ಚೀನಾ ಹಬ್ಬದ ಫೋಟೋದಲ್ಲಿ ಡ್ರ್ಯಾಗನ್‌ಗೆ ರೆಕ್ಕೆನೇ ಇರಲ್ಲವಲ್ಲಾ?" ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಆ ನಾಳೆ ಬರಲು ಎರಡು ವರ್ಷ ಹಿಡಿಯಿತು.

ಚೀನಾದ ಡ್ರ್ಯಾಗನ್ ನೀರಿನ ಪ್ರಾಣಿ. ರೆಕ್ಕೆ ಇರುವ ಯಿಂಗ್‌ಲುಂಗ್ ಎಂಬುದೊಂದಿದೆ, ಉಳಿದವು ರೆಕ್ಕೆಯಿಲ್ಲದೆಯೇ ಮೋಡ ಏರುತ್ತವೆ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ವಿದ್ವಾಂಸ ರಚಿಸಿದ ನಿಘಂಟಿನಲ್ಲಿ ಹೀಗಿದೆ: ಡ್ರ್ಯಾಗನ್ ವಸಂತದ ವಿಷುವದಂದು (ಹಗಲು ರಾತ್ರಿ ಸಮವಾಗುವ ದಿನ) ಆಕಾಶಕ್ಕೆ ಏರುತ್ತದೆ, ಶರದೃತುವಿನ ವಿಷುವದಂದು ಆಳ ಮಡುವಿಗೆ ಇಳಿಯುತ್ತದೆ. ಎಂದರೆ ಮಳೆಗಾಲದ ಲೆಕ್ಕವೇ ಪ್ರಾಣಿಯ ರೂಪ ತಾಳಿದೆ. ಇದನ್ನು ಓದಿದ ರಾತ್ರಿಯೇ ಅರವತ್ತು ಪುಟವನ್ನೂ ಪಕ್ಕಕ್ಕಿಟ್ಟೆ. ಬೆಂಕಿ ಉಗುಳುವ ಪ್ರಾಣಿಯನ್ನು ಕೊಲ್ಲಲು ಒಬ್ಬ ವೀರ ಬೇಕು. ಮಳೆ ತರುವ ಪ್ರಾಣಿಯನ್ನು ಯಾರೂ ಕೊಲ್ಲುವುದಿಲ್ಲ, ಕರೆಯುತ್ತಾರೆ, ಕಾಯುತ್ತಾರೆ, ಮುನಿಸಿಕೊಂಡರೆ ಓಲೈಸುತ್ತಾರೆ. ನನ್ನ ಕತ್ತಿ ಹಿಡಿದ ನಾಯಕನಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ.

ಹಾಗಾದರೆ ಕಥೆ ಯಾರದು? ದಾರಿ ಸಿಕ್ಕಿದ್ದು ಹಾನ್ ರಾಜವಂಶದ ಕಾಲದ ಪಂಡಿತ ದೋಂಗ್ ಜೋಂಗ್‌ಶು ಹೆಸರಿನಲ್ಲಿರುವ ಗ್ರಂಥದಲ್ಲಿ. ಮಳೆ ಬೇಡುವ ವಿಧಿಗೆ ಅಲ್ಲಿ ಒಂದು ಅಧ್ಯಾಯವೇ ಇದೆ. ವಸಂತದಲ್ಲಿ ಬರ ಬಂದರೆ ಹಸಿರು ಬಣ್ಣದ ಡ್ರ್ಯಾಗನ್ ಮಾಡಬೇಕು, ಎಂಟು ಜಾಂಗ್ ಉದ್ದ. ಹಾನ್ ಕಾಲದ ಅಳತೆಯಲ್ಲಿ ಸುಮಾರು 18 ಮೀಟರ್. ಜೊತೆಗೆ ಅದರರ್ಧ ಉದ್ದದ ಏಳು ಮರಿಗಳು, ಎಲ್ಲವೂ ಪೂರ್ವಕ್ಕೆ ಮುಖ. ಎಂಟು ಹುಡುಗರು ಮೂರು ದಿನ ವ್ರತ ಹಿಡಿದು, ಹಸಿರು ಬಟ್ಟೆ ಉಟ್ಟು ಕುಣಿಯಬೇಕು. ಬೇಸಿಗೆಗೆ ಕೆಂಪು, ಶರತ್ತಿಗೆ ಬಿಳಿ, ಚಳಿಗಾಲಕ್ಕೆ ಕಪ್ಪು.

ಓದುತ್ತಿದ್ದಂತೆ ನಮ್ಮೂರಿನ ಮಳೆರಾಯ ಕಣ್ಣ ಮುಂದೆ ಬಂದ. ಮಳೆ ಕೈಕೊಟ್ಟ ವರ್ಷ ಹುಡುಗರು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆ ಮೇಲಿಟ್ಟು, ಒಬ್ಬನ ತಲೆಗೇರಿಸಿ ಮನೆಮನೆಗೆ ಹೊತ್ತು ತರುತ್ತಿದ್ದರು. ಅವ್ವ ಹೊಸಿಲು ದಾಟಿ ಬಂದು ಬಿಂದಿಗೆ ನೀರು ಸುರಿಯುತ್ತಿದ್ದಳು. ಆ ನೀರು ಮಣ್ಣು ಕರಗಿಸಿಕೊಂಡು ಹುಡುಗನ ಕಿವಿ, ಕುತ್ತಿಗೆ ಮೇಲಿಂದ ಅಂಗಿಯೊಳಗೆ ಇಳಿಯುತ್ತಿತ್ತು. ಅವನು ನಡುಗುತ್ತಲೇ ನಗುತ್ತಿದ್ದ. ಮೂರನೇ ಬೀದಿಗೆ ಬರುವ ಹೊತ್ತಿಗೆ ಮಳೆರಾಯನ ಮೂಗು ಕರಗಿ ಹೋಗಿರುತ್ತಿತ್ತು. ಹೊರುವ ಭಾಗ್ಯ ಹುಡುಗರಿಗೆ ಮಾತ್ರ. ಮಣ್ಣು ತಂದು ಕಲಸಿ ಕೊಡುತ್ತಿದ್ದವಳು ನಾನು.

ಕಥೆ ಯಾರದೆಂದು ಗೊತ್ತಾಯಿತು. ಎಂಟು ಹುಡುಗರು ಕುಣಿಯಲಿ. ಡ್ರ್ಯಾಗನ್‌ಗೆ ಮಣ್ಣು ಕಲಸುವ ಕುಂಬಾರರ ಹುಡುಗಿ ಯೆನ್, ಅವಳದು ಈ ಕಥೆ.

ಕಾಲ, ಜಾಗ ಹುಡುಕುತ್ತಾ ಹೋದಾಗ ಇತಿಹಾಸವೇ ಕಥಾವಸ್ತು ಕೊಟ್ಟಿತು. ಕ್ರಿ.ಪೂ. 132ರಲ್ಲಿ ಹಳದಿ ನದಿ ಇಂದಿನ ಹೆನಾನ್ ಪ್ರಾಂತ್ಯದ ಪುಯಾಂಗ್ ಬಳಿ ಏರಿ ಒಡೆದು ಆಗ್ನೇಯಕ್ಕೆ ನುಗ್ಗಿತು. ಆ ಜಾಗದ ಹೆಸರು ಹೂಜಿ. (ನಮ್ಮ ನೀರಿನ ಹೂಜಿಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಮಕ್ಕಳು ಈ ಹೆಸರನ್ನು ಮರೆಯಲೇ ಇಲ್ಲ.) ಮೊದಲು ಕಟ್ಟಿದ್ದು ಮತ್ತೆ ಒಡೆಯಿತು. ಮಂತ್ರಿ ತಿಯೆನ್ ಫೆನ್‌ನ ಜಹಗೀರು ನದಿಯ ಉತ್ತರಕ್ಕಿತ್ತು. ನೀರು ದಕ್ಷಿಣಕ್ಕೆ ಹರಿದಷ್ಟೂ ಅವನ ಹೊಲ ಕ್ಷೇಮ. ಇದು ದೈವೇಚ್ಛೆ, ಮನುಷ್ಯಬಲದಿಂದ ತಡೆಯುವುದು ಸಲ್ಲದು ಅಂದ. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನೀರು ಊರೂರು ತಿಂದಿತು. ಕೊನೆಗೆ ಕ್ರಿ.ಪೂ. 109ರಲ್ಲಿ ಬರ ಬಂತು. ಮಳೆ ಕಡಿಮೆಯಾದ ಆ ವರ್ಷ ವೂದಿ ಚಕ್ರವರ್ತಿ ಹತ್ತಾರು ಸಾವಿರ ಜನರನ್ನು ಕಳಿಸಿ ಏರಿ ಕಟ್ಟಿಸಿದ. ತಾನೇ ಬಂದು ಬಿಳಿ ಕುದುರೆಯನ್ನೂ ಜೇಡ್ ಕಲ್ಲನ್ನೂ ನದಿಗೆ ಅರ್ಪಿಸಿದ. ಅಧಿಕಾರಿಗಳೂ ಸೌದೆ ಹೊರೆ ಹೊತ್ತರು. ಇತಿಹಾಸಕಾರ ಸಿಮಾ ಚಿಯಾನ್ ತಾನೂ ಹೊತ್ತೆ ಎಂದು ಬರೆದಿಟ್ಟಿದ್ದಾನೆ. ಸೌದೆ ಸಾಲದೆ ರಾಜರ ತೋಟದ ಬಿದಿರು ಕಡಿದರು. ಅಲ್ಲಿ ಚಕ್ರವರ್ತಿ ಕಟ್ಟಿದ ಶೋಕಗೀತೆಯಲ್ಲಿ ಕಟ್ಟು ಕಳಚಿಕೊಂಡು ಓಡುವ ಡ್ರ್ಯಾಗನ್ ಬರುತ್ತದೆ.

ಈಗ ನೋಡಿ: ಮೇಲಿನ ದಿಬ್ಬದ ಊರಿನಲ್ಲಿ ಯೆನ್ ಮಳೆಗಾಗಿ ಮಣ್ಣಿನ ಡ್ರ್ಯಾಗನ್ ಮಾಡುತ್ತಿದ್ದಾಳೆ. ಕೆಳಗೆ ಹೂಜಿಯಲ್ಲಿ ಅವಳ ಅಣ್ಣ ಏರಿ ಕೆಲಸದಲ್ಲಿದ್ದಾನೆ. ಮಳೆ ಬಂದರೆ ಏರಿ ಒಡೆದು ಅಣ್ಣ ಕೊಚ್ಚಿ ಹೋಗುತ್ತಾನೆ, ಬಾರದಿದ್ದರೆ ಪೈರು ಒಣಗುತ್ತದೆ. ಮಣ್ಣಿನ ಡ್ರ್ಯಾಗನ್ ಕಣ್ಣು ಬಿಟ್ಟು "ಏನು ಮಾಡಲಿ ಮಗಾ?" ಅಂತ ಕೇಳುವುದು ಆಗಲೇ. ನಾನು ಕಲ್ಪಿಸಿದ್ದು ಆ ಕಣ್ಣು ಬಿಡುವುದನ್ನು ಮಾತ್ರ. ಇಕ್ಕಟ್ಟು ನಿಜವಾಗಿ ಇದ್ದದ್ದೇ.

ಆಮೇಲೆ ಶುರುವಾಯಿತು ಭಾಷೆಯ ಕಷ್ಟ. ಅದನ್ನು ಏನಂತ ಕರೆಯುವುದು? ಕನ್ನಡ ಬೈಬಲ್ಲಿನ 'ಘಟಸರ್ಪ' ಸೈತಾನನ ರೂಪ, ಇಲ್ಲಿಗೆ ಒಗ್ಗುವುದಿಲ್ಲ. ನಾಗ ಅನ್ನೋಣವೇ? ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಮ್ಮ ನಾಗನನ್ನು 'ಲುಂಗ್', ಅಂದರೆ ಡ್ರ್ಯಾಗನ್, ಎಂದೇ ಅನುವಾದಿಸಿದರು. ಆಚಾರ್ಯ ನಾಗಾರ್ಜುನ ಅಲ್ಲಿ ಲುಂಗ್‌ಶು ಆದ. ಹಿಂದಿರುಗುವ ದಾರಿ ನನಗೂ ತೆರೆದೇ ಇದೆ ಎಂದು 'ಮಳೆನಾಗ' ಅಂತ ಮೂರು ಅಧ್ಯಾಯ ಬರೆದೆ. ಮಕ್ಕಳಿಗೆ ಚಿತ್ರ ಬರೆಯಿರಿ ಅಂದಾಗ ಎಲ್ಲರೂ ನಾಗರಕಟ್ಟೆಯ ಹೆಡೆ ಬರೆದರು. ಕಾಲಿಲ್ಲ, ಕೊಂಬಿಲ್ಲ, ಮೀಸೆಯಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ 'ಡ್ರ್ಯಾಗನ್'ಗೇ ಮರಳಿದೆ. ಪಾತ್ರಗಳ ಮಾತಿನಲ್ಲಿ ಮಾತ್ರ ಲುಂಗ್.

ಅದಕ್ಕಿಂತ ಸೂಕ್ಷ್ಮವಾದದ್ದು ಸರ್ವನಾಮ. ಮಣ್ಣಿನ ಗೊಂಬೆ 'ಅದು'. ಮಾತಾಡಿದ ಮೇಲೂ ಅದು ಅನ್ನಲು ನನಗೆ ಆಗಲಿಲ್ಲ. ಯೆನ್ ಮೊದಲು ಹೆದರಿಕೆಯಿಂದ 'ನೀವು' ಅನ್ನುತ್ತಾಳೆ. ಏಳನೇ ಅಧ್ಯಾಯದಲ್ಲಿ, ಮೈಮೇಲಿನ ಬಿರುಕಿಗೆ ಒದ್ದೆ ಮಣ್ಣು ಮೆತ್ತುತ್ತಾ, "ನೋಯುತ್ತಾ ಅಜ್ಜಾ? ಸುಮ್ನೆ ಇರು ಸ್ವಲ್ಪ" ಅಂದುಬಿಡುತ್ತಾಳೆ. ಅಲ್ಲಿಂದ ಅಜ್ಜ, ಏಕವಚನ. ನಮ್ಮೂರಲ್ಲಿ ಅಜ್ಜನಿಗೆ ನೀವು ಅಂದರೆ ಅವನಿಗೆ ಬೇಜಾರಾಗುತ್ತದೆ. ಓದುವಾಗ ಆ ಸಾಲಿಗೆ ಬಂದೊಡನೆ ತರಗತಿ ಸದ್ದಿಲ್ಲದೆ ಕೂತಿತು.

ಅಡುಗೆಮನೆಯಲ್ಲೂ ಎಡವಿದ್ದೆ. ಯೆನ್‌ಳ ಅಮ್ಮ ಮೆಣಸಿನಕಾಯಿ ಹುರಿಯುವ ದೃಶ್ಯ ಇತ್ತು. ಮೆಣಸಿನಕಾಯಿ, ಮುಸುಕಿನ ಜೋಳ, ಆಲೂಗಡ್ಡೆ ಮೂರೂ ಅಮೆರಿಕ ಖಂಡದವು, ಕೊಲಂಬಸ್ ನಂತರವೇ ಈ ಕಡೆ ಬಂದವು. ಹೊಡೆದು ಹಾಕಿದೆ. ಬದಲಿಗೆ ಅವಳಿಗೆ ನವಣೆ ಅನ್ನ ಕೊಟ್ಟೆ. ನವಣೆ, ಬರಗು ಎರಡನ್ನೂ ಮನುಷ್ಯ ಮೊದಲು ಒಗ್ಗಿಸಿಕೊಂಡದ್ದು ಉತ್ತರ ಚೀನಾದಲ್ಲೇ. ನಮ್ಮಜ್ಜಿ ಒನಕೆ ಹಿಡಿದು ಕುಟ್ಟುತ್ತಿದ್ದ ಕಾಳನ್ನೇ ಯೆನ್ ಕೂಡ ಕುಟ್ಟುತ್ತಾಳೆ. ಒಣಗಿದ ತೆನೆ ಹೇಗೆ ಹಗುರಾಗಿ ಅಲ್ಲಾಡುತ್ತದೆ ಅಂತ ನಾನು ಯಾವ ಪುಸ್ತಕವನ್ನೂ ನೋಡಬೇಕಾಗಲಿಲ್ಲ.

ಡ್ರ್ಯಾಗನ್‌ಗೆ ಒಂದು ನೋವಿನ ಜಾಗ ಬೇಕಿತ್ತು. ಕ್ರಿ.ಪೂ. 233ರಲ್ಲಿ ಸತ್ತ ತತ್ತ್ವಜ್ಞಾನಿ ಹಾನ್ ಫೇ ಹೇಳುತ್ತಾನೆ: ಡ್ರ್ಯಾಗನ್ ಸಾಧು, ಪಳಗಿಸಿ ಸವಾರಿ ಮಾಡಬಹುದು, ಆದರೆ ಗಂಟಲ ಕೆಳಗೆ ಒಂದು ಚಿ ಅಗಲದ, ತಿರುಗಾಮುರುಗಾ ಬೆಳೆದ ಹುರುಪೆ ಇದೆ, ಮುಟ್ಟಿದವನು ಉಳಿಯುವುದಿಲ್ಲ. ಅವನು ಹೇಳಿದ್ದು ರಾಜರಿಗೆ ಬುದ್ಧಿ ಹೇಳುವವರ ಪಾಡಿನ ಬಗ್ಗೆ. ನಾನು ಹುರುಪೆಯನ್ನಷ್ಟೇ ತೆಗೆದುಕೊಂಡೆ. ಚಿ ಎಂದರೆ ಆಗ ಸುಮಾರು 23 ಸೆಂ.ಮೀ. ಬೆರಳು ಚಾಚಿ ಮೇಜಿನ ಮೇಲಿಟ್ಟು ನೋಡಿದೆ: ಸರಿಯಾಗಿ ಒಂದು ಗೇಣು. ಪುಸ್ತಕದಲ್ಲಿ ಎಲ್ಲೂ ಚಿ ಇಲ್ಲ, ಗೇಣು ಇದೆ. ಅಜ್ಜನ ಮೈ ತಿದ್ದುವಾಗ ಯೆನ್‌ಳ ಕೈ ಆ ಒಂದು ಗೇಣು ಜಾಗವನ್ನು ಬಿಟ್ಟು ಸುತ್ತು ಹೋಗುತ್ತದೆ.

ಪುಸ್ತಕ ಅಚ್ಚಿಗೆ ಹೋಗುವಾಗ ಬಂದ ಮುಖಪುಟದಲ್ಲಿ ಮತ್ತೆ ರೆಕ್ಕೆ, ಮತ್ತೆ ಬೆಂಕಿ. ಚಿತ್ರ ಚೆನ್ನಾಗಿಯೇ ಇತ್ತು, ಮಾರಾಟವೂ ಆಗುತ್ತಿತ್ತೇನೋ. ಎರಡು ತಿಂಗಳು ತಡವಾದರೂ ಸರಿ, ಬದಲಿಸಿ ಎಂದು ಹಟ ಹಿಡಿದೆ. ಕಲಾವಿದರಿಗೆ ಪುಯಾಂಗ್‌ನಲ್ಲೇ 1987ರಲ್ಲಿ ಸಿಕ್ಕ, ಗೋರಿಯಲ್ಲಿ ಚಿಪ್ಪುಗಳನ್ನು ಜೋಡಿಸಿ ಮಾಡಿದ ಡ್ರ್ಯಾಗನ್ನಿನ ಫೋಟೋ ಕಳಿಸಿದೆ. ಸುಮಾರು ಆರು ಸಾವಿರ ವರ್ಷ ಹಳೆಯದು, ಬೆನ್ನು ಬಾಗಿಸಿ ನಡೆಯುತ್ತಿರುವಂತಿದೆ. ಈಗಿನ ಮುಖಪುಟದಲ್ಲಿ ಅದೇ ಬಾಗು ಇದೆ.

ಕೊನೆಯನ್ನು ಮೂರು ಸಲ ಬರೆದೆ. ಅಜ್ಜ ಕರಗಿ ಸಾಯುವ ಮೊದಲನೆಯದನ್ನು ಮಕ್ಕಳು ಒಪ್ಪಲಿಲ್ಲ, ಒಬ್ಬ ಎದ್ದು ಹೊರಗೇ ಹೋದ. ಎಲ್ಲ ಸುಖವಾದ ಎರಡನೆಯದನ್ನು ನಾನೇ ಒಪ್ಪಲಿಲ್ಲ. ಈಗಿರುವುದರಲ್ಲಿ ಅಜ್ಜ ಏರಿಯ ಕೊನೆಯ ಹೊರೆ ಬೀಳುವವರೆಗೆ ಮೋಡವನ್ನು ತಡೆದು ಹಿಡಿಯುತ್ತಾನೆ. ಮಳೆ ಬರುವ ಹೊತ್ತಿಗೆ ಅರ್ಧ ನವಣೆ ಒಣಗಿರುತ್ತದೆ. "ಪೂರ್ತಿ ಉಳಿಸಬಹುದಿತ್ತು ಟೀಚರ್" ಅಂತ ಈಗಲೂ ಜಗಳ ಮಾಡುತ್ತಾರೆ. ಬರ ಕಂಡ ಊರಿನವಳು ನಾನು, ಅರ್ಧ ಉಳಿದರೆ ಅದೇ ಹೆಚ್ಚು ಎಂದು ಬಿಟ್ಟಿದ್ದೇನೆ.

ಮಳೆ ಹನಿಯುವಾಗ ಯೆನ್ ಅಣ್ಣನನ್ನು ಹುಡುಕುತ್ತಾ ಏರಿ ಮೇಲೆ ಓಡುತ್ತಾಳೆ. ಸೌದೆ ಹೊತ್ತು ತೋಳೆಲ್ಲ ತರಚಿಕೊಂಡ ಅಧಿಕಾರಿಯೊಬ್ಬ ಅವಳನ್ನು ನಿಲ್ಲಿಸಿ, "ಆಕಾಶದಲ್ಲಿ ಏನು ನೋಡಿದೆ ಮಗಳೇ, ನಿಧಾನವಾಗಿ ಹೇಳು" ಎಂದು ಕೇಳುತ್ತಾನೆ. ಅವನ ಹೆಸರನ್ನು ನಾನು ಪುಸ್ತಕದಲ್ಲಿ ಎಲ್ಲೂ ಹಾಕಿಲ್ಲ.